ಗಾಳಿಕಂಡಿ ಇಲ್ಲದ ಕೋಣೆ

ಹುತ್ತದಲ್ಲಿ ಹೊಸ ಕೋಣೆ ಕಟ್ಟುವವರು ಗಾಳಿಕಂಡಿ ಬಿಡಬೇಕು, ಬಿಡದಿದ್ದರೆ ನೀರು ಹೊರುವ ಹತ್ತು ಆಳುಗಳನ್ನು ಹುತ್ತಕ್ಕೆ ಶುಲ್ಕವಾಗಿ ಒಪ್ಪಿಸಬೇಕು ಎಂದು ಯಜಮಾನಿ ಗೆದ್ದಲು ಕಟ್ಟಳೆ ಮಾಡಿತ್ತು. ಮೇಸ್ತ್ರಿ ಗೆದ್ದಲಿಗೆ ಕೆಂಜಿಗದ ಇರುವೆಗಳೆಂದರೆ ಪ್ರಾಣಭಯ. ಕಂಡಿ ಬಿಟ್ಟರೆ ಅವು ನುಗ್ಗಿ ಮೊಟ್ಟೆಗಳನ್ನು ಹೊತ್ತೊಯ್ಯುತ್ತವೆ ಎಂದು ಹೆದರಿ, ಅದು ಹತ್ತು ಆಳುಗಳನ್ನು ಒಪ್ಪಿಸಿ ತನ್ನ ಹೊಸ ಕೋಣೆಯ ಗೋಡೆಯನ್ನು ಪೂರ್ತಿ ಮುಚ್ಚಿಬಿಟ್ಟಿತು. ಕೊಡಬೇಕಾದ್ದನ್ನು ಕೊಟ್ಟಾಯಿತು, ಇನ್ನು ಯಾರೂ ತನ್ನನ್ನು ಕೇಳುವಂತಿಲ್ಲ ಎಂದುಕೊಂಡಿತು.

ಬೇಸಿಗೆಯ ಒಂದು ಮಧ್ಯಾಹ್ನ ಆ ಕೋಣೆ ಕಾದ ಹಂಚಿನಂತಾಯಿತು. ಮೊಟ್ಟೆಗಳು ಒಣಗತೊಡಗಿದವು. ಮೇಸ್ತ್ರಿ ಬಿದ್ದೆನೋ ಎದ್ದೆನೋ ಎಂದು ಯಜಮಾನಿಯ ಬಳಿಗೆ ಓಡಿತು.

"ಅಮ್ಮಾ, ನನ್ನ ಹತ್ತು ಆಳುಗಳನ್ನು ವಾಪಸ್ ಕೊಡಿ. ಗೋಡೆಗೆ ನೀರು ಬೀಳದಿದ್ದರೆ ಒಂದು ಮೊಟ್ಟೆಯೂ ಉಳಿಯುವುದಿಲ್ಲ."

"ಆ ಹತ್ತೂ ಬೆಳಗಿನಿಂದ ನಿನ್ನ ಗೋಡೆಗೇ ನೀರು ಹೊರುತ್ತಿವೆ. ಸಾಲದೆಂದು ಪಕ್ಕದ ಕೋಣೆಗಳಿಂದ ಮೂವತ್ತು ಆಳು ಕಳಿಸಿದ್ದೇನೆ. ಕೆಳಗಿನ ನೀರು ಬತ್ತುತ್ತಿದೆ. ಸಂಜೆಯೊಳಗೆ ಆ ಕೋಣೆಗಳ ಮೊಟ್ಟೆಗಳೂ ಒಣಗುತ್ತವೆ."

"ನನಗೆ ಕೆಂಜಿಗದ ಭಯವಿತ್ತು, ಅಮ್ಮಾ."

"ಅದು ಎಲ್ಲರಿಗೂ ಇದೆ. ಅದಕ್ಕೇ ಉಳಿದವರು ತಮ್ಮ ಕಂಡಿಗಳನ್ನು ತಾವೇ ಕಾಯುತ್ತಾರೆ."

ಮೇಸ್ತ್ರಿ ಹಿಂದಿರುಗಿ, ತಾನು ಕಟ್ಟಿದ ಗೋಡೆಯನ್ನು ತಾನೇ ಕಚ್ಚಿ ಕೊರೆಯಿತು. ಬಿಸಿ ಹೊರಗೆ ಹೋಯಿತು, ಗಾಳಿ ಒಳಗೆ ಬಂತು, ಗಾಳಿಯ ಜೊತೆ ಕೆಂಜಿಗದ ವಾಸನೆಯೂ ಬಂತು. ಮೇಸ್ತ್ರಿ ಕಂಡಿಗೆ ಅಡ್ಡವಾಗಿ ನಿಂತಿತು. ನಿಂತಲ್ಲಿಂದಲೇ ಪಕ್ಕದ ಕೋಣೆಗಳಿಂದ ಬಂದಿದ್ದ ಮೂವತ್ತು ಆಳುಗಳಿಗೆ ಹೇಳಿತು:

"ನೀವು ಇನ್ನು ನಿಮ್ಮ ನಿಮ್ಮ ಕೋಣೆಗೆ ಹೋಗಿ."