ಹುದುಲಿನ ದಡದ ಹೂತೋರಣ

ಮಕ್ಕಳೇ, ಹತ್ತಿರ ಬಂದು ಕೂತುಕೊಳ್ಳಿ. ಹತ್ತಿರ ಅಂದರೆ ನನ್ನ ತೊಡೆಯ ಮೇಲಲ್ಲ! ಈ ಕತೆ ಹೇಳುವಾಗ ನನಗೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಕೈಕಾಲು ಆಡಿಸಲು ಸ್ವಲ್ಪ ಜಾಗ ಬೇಕು.

ಕಾಡಿನ ನಡುವೆ ಒಂದು ಕೆರೆ. ಕೆರೆಯ ಮೇಲೆ ಬಾಗಿ ನಿಂತ ಒಂದು ಜಾಲಿಮರ. ಆ ಮರದಲ್ಲಿ ಮೂವರು ಸೇರಿ ಒಂದು ಪುಟ್ಟ ಅಂಗಡಿ ಇಟ್ಟಿದ್ದರು. ಹೆಣಿಗಪ್ಪ ಎಂಬ ಗೀಜಗ ಹಕ್ಕಿ ಅದರ ಯಜಮಾನ. ಹುಲ್ಲು, ನಾರು, ಬಳ್ಳಿ ಏನು ಕೊಟ್ಟರೂ ನೇಯುತ್ತಿದ್ದ. ಬಣ್ಣಕ್ಕ ಎಂಬ ಗೋಸುಂಬೆ ಹೂವಿನ ರಸ ಹಿಂಡಿ ಬಣ್ಣ ಹಚ್ಚುತ್ತಿದ್ದಳು. ವಟರಾಯ ಎಂಬ ಕಪ್ಪೆ ಪದ ಕಟ್ಟಿ ಹಾಡುತ್ತಿದ್ದ.

ಅವರು ಮಾರುತ್ತಿದ್ದುದು ಏನು ಅಂತೀರಾ? ಏನೂ ಇಲ್ಲ! ಬೇರೆಯವರ ಮಾತನ್ನು ಕಾಡಿಗೆಲ್ಲ ಮುಟ್ಟಿಸುವುದೇ ಅವರ ಕೆಲಸ. ಕರಡಿಯ ಹತ್ತಿರ ಜೇನು ಉಳಿದುಹೋಗಿದ್ದಾಗ ಇವರು ಒಂದು ಹಾಡು ಕಟ್ಟಿ, ಗುಹೆಯ ಬಾಗಿಲಿಗೆ ಹಳದಿ ಜಾಲರಿ ತೂಗುಹಾಕಿದರು. ಮಧ್ಯಾಹ್ನದೊಳಗೆ ಜೇನು ಖಾಲಿ. ಪಾಪ, ಕರಡಿಗೇ ನೆಕ್ಕಲು ಒಂದು ತೊಟ್ಟು ಸಿಗಲಿಲ್ಲ.

ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಕೆಲಸ ಮುಗಿಯಿತು ಅನ್ನಿಸಿದಾಗ ಮೂವರೂ ಅದರ ಮುಂದೆ ನಿಲ್ಲುತ್ತಿದ್ದರು. ಮೂವರ ಬಾಯಿಂದಲೂ "ಆಹಾ!" ಬಂದರೆ ಕೆಲಸ ಆಯಿತು. ಒಬ್ಬರು ಸುಮ್ಮನಿದ್ದರೂ ಬಿಚ್ಚಿ ಮತ್ತೆ ಶುರು. ಊಟ, ನಿದ್ದೆ ಎರಡೂ ಮರೆತು ದುಡಿಯುತ್ತಿದ್ದರು. ಸೋಮಾರಿಗಳು ಅಂತ ಅವರನ್ನು ಯಾರೂ ಬೈಯುವ ಹಾಗಿರಲಿಲ್ಲ. ಆದರೆ ಹೆಣಿಗಪ್ಪನಿಗೆ ಒಂದು ಚಟ ಹತ್ತಿತ್ತು. ಹೊಗಳಿಕೆ ಕಿವಿಗೆ ಬೀಳದಿದ್ದರೆ ಅವನಿಗೆ ಕಾಳು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಂದು ಬೆಳಗ್ಗೆ ಚುಕ್ಕವ್ವ ಎಂಬ ಜಿಂಕೆ ಏದುಸಿರು ಬಿಡುತ್ತಾ ಬಂದಳು. ಅವಳ ಹಿಂದೆ ಅವಳ ಒಬ್ಬಳೇ ಮಗಳು, ಪುಟ್ಟ ಮರಿ ಚಂಗು, ಚಿಟ್ಟೆ ಹಿಡಿಯಲು ಕುಣಿಯುತ್ತಿತ್ತು.

"ಹೆಣಿಗಪ್ಪಣ್ಣ, ಕೆರೆಯ ಆ ಮೂಲೆಯಲ್ಲಿ ಹುದುಲು ಇದೆಯಲ್ಲ, ಮೇಲೆ ಹುಲ್ಲು, ಕೆಳಗೆ ತಳವಿಲ್ಲದ ಕೆಸರು?"

"ಗೊತ್ತಕ್ಕ."

"ಹೋದ ಮಳೆಗಾಲದಲ್ಲಿ ಮೊಲದ ಮರಿಯೊಂದು ಅದರೊಳಗೆ ಹೋಗಿಬಿಟ್ಟಿತು. ಅದರ ಕಿವಿಯ ತುದಿಯೂ ಕಾಣಲಿಲ್ಲ. ನನ್ನ ಚಂಗು ಒಂದು ಕಡೆ ನಿಲ್ಲುವವಳಲ್ಲ. ಎಷ್ಟಂತ ಕಾಯಲಿ? ಮರಿಗಳು ಯಾರೂ ಆ ಕಡೆ ಸುಳಿಯಬಾರದು. ಹಾಗೆ ಏನಾದರೂ ಮಾಡಿಕೊಡಿ."

"ಅಷ್ಟೇ ತಾನೇ? ನಮ್ಮ ಮೇಲೆ ಬಿಟ್ಟು ನಿಶ್ಚಿಂತೆಯಿಂದ ಇರಿ," ಎಂದ ಹೆಣಿಗಪ್ಪ.

ಮೊದಲು ಅವರು ಮುಳ್ಳುಕಂಟಿ ತಂದು ಹುದುಲಿನ ದಡದಲ್ಲಿ ಒಟ್ಟಿದರು. ಮೂವರೂ ಮುಂದೆ ನಿಂತರು. ಒಬ್ಬರ ಬಾಯಿಂದಲೂ "ಆಹಾ" ಬರಲಿಲ್ಲ.

"ಇದೇನಿದು, ಕಸದ ರಾಶಿ! ಇದನ್ನು ನಾವು ಮಾಡಿದ್ದು ಅಂತ ಹೇಳಿಕೊಳ್ಳುವುದು ಹೇಗೆ?" ಎಂದ ಹೆಣಿಗಪ್ಪ.

"ಎರಡು ಹೂವಾದರೂ ಇರಲಿ," ಎಂದಳು ಬಣ್ಣಕ್ಕ.

ಎರಡು ಹೂವು ಒಂದು ಬುಟ್ಟಿಯಾಯಿತು. ಹೂವಿಗೆ ಮುಳ್ಳು ಅಡ್ಡ ಬಂತೆಂದು ಮುಳ್ಳನ್ನು ತೆಗೆದೆಸೆದರು. ಹೆಣಿಗಪ್ಪ ಗಟ್ಟಿ ಬಳ್ಳಿಗಳನ್ನು ಹೊಸೆದು ಎರಡು ಮರಗಳ ನಡುವೆ ಉದ್ದನೆಯ ತೋರಣ ಕಟ್ಟಿದ. ಬಣ್ಣಕ್ಕ ಅದಕ್ಕೆ ಕೆಂಪು, ಕೇಸರಿ ಬಳಿದಳು. ಸಂಜೆಗೆ ಮಿಂಚುಹುಳುಗಳು ಬಂದು ಕೂರಲೆಂದು ಅಲ್ಲಲ್ಲಿ ಎಲೆದೊನ್ನೆ ಸಿಕ್ಕಿಸಿದರು. ವಟರಾಯ "ಬಾರದಿರು ಮರಿಯೇ, ಬಾರದಿರು" ಅಂತ ಒಂದು ಹಾಡು ಕಟ್ಟಿದ. ರಾಗ ಎಷ್ಟು ಇಂಪಾಗಿತ್ತೆಂದರೆ ಬಾರದಿರು ಅನ್ನುವುದೂ ಕೈಹಿಡಿದು ಕರೆದ ಹಾಗೆ ಕೇಳುತ್ತಿತ್ತು.

"ಆಹಾ!" ಎಂದರು ಮೂವರೂ ಒಟ್ಟಿಗೆ. ಬಣ್ಣಕ್ಕನಿಗೆ ಕಣ್ಣೀರೇ ಬಂತು.

ಚುಕ್ಕವ್ವ ಬಂದು ನೋಡಿದಳು. ಅವಳಿಗೂ ಚೆಂದವೆನಿಸಿತು. ಆದರೂ ಏನೋ ತಳಮಳ.

"ಅಣ್ಣಾ, ಇದನ್ನು ನೋಡಿದರೆ ಯಾರಿಗಾದರೂ ಹೆದರಿಕೆ ಆಗುತ್ತದಾ?"

ಹೆಣಿಗಪ್ಪ ನಕ್ಕ. "ಅಕ್ಕಾ, ನೀವು ಹುಲ್ಲು ಮೇಯುವವರು. ನಿಮಗೆ ಇದೆಲ್ಲ ತಿಳಿಯುವುದಿಲ್ಲ. ಇಂಥ ಕೆಲಸ ಈ ಕಾಡಿನಲ್ಲೇ ಆಗಿಲ್ಲ!"

ತನಗೇ ಬುದ್ಧಿ ಸಾಲದೇನೋ ಅಂದುಕೊಂಡು ಚುಕ್ಕವ್ವ ಹೊರಟುಹೋದಳು. ಅಯ್ಯೋ, ಅಲ್ಲೇ ಇನ್ನೊಂದು ಮಾತು ಕೇಳಿದ್ದರೆ!

ಸಂಜೆಯಾಯಿತು. ಮಿಂಚುಹುಳುಗಳು ತೋರಣದ ಮೇಲೆ ಕೂತವು. ವಟರಾಯ ಹಾಡಿದ. ಅಳಿಲು ನೋಡಿ ಮೊಲಕ್ಕೆ ಹೇಳಿತು, ಮೊಲ ಕಾಡುಕೋಣಕ್ಕೆ ಹೇಳಿತು, ಕೋತಿ ಎಲ್ಲರಿಗೂ ಹೇಳಿತು. ಹುಟ್ಟಿದಾಗಿನಿಂದ ಆ ಮೂಲೆಗೆ ಕಾಲಿಡದವರೆಲ್ಲ ಸಂಸಾರಸಮೇತ ಬಂದುಬಿಟ್ಟರು. ಮರಿಗಳೇ ಮುಂದೆ.

"ಏನು ಚೆಂದ! ಯಾರು ಮಾಡಿದ್ದು?"

"ಇನ್ಯಾರು? ನಮ್ಮ ಹೆಣಿಗಪ್ಪ!"

ಹೆಣಿಗಪ್ಪನ ಎದೆ ಉಬ್ಬಿತು. ಹಿಂದೆ ನಿಂತವರಿಗೆ ಕಾಣಿಸುತ್ತಿಲ್ಲ ಅಂತ ಗಲಾಟೆ ಎದ್ದಿತು. ಆಗ ಅವನು ಕೊಂಬೆಯ ತುದಿಗೆ ಹಾರಿ ಕೂಗಿದ:

"ಮುಂದೆ ಬನ್ನಿ, ಇನ್ನೂ ಮುಂದೆ ಬನ್ನಿ! ಹಿಂದಿನವರಿಗೂ ಜಾಗ ಬಿಡಿ!"

ಕೇಳಿದಿರಾ ಮಕ್ಕಳೇ? ಯಾರೂ ಹತ್ತಿರ ಬರಬಾರದೆಂದು ಮಾಡಿದ ಕೆಲಸ ಅದು. ಮಾಡಿದವನೇ ಮುಂದೆ ಬನ್ನಿ ಅನ್ನುತ್ತಿದ್ದಾನೆ!

ಎಲ್ಲರಿಗಿಂತ ಮುಂದೆ ಚಂಗು ಇತ್ತು. ತೋರಣದಲ್ಲಿ ತೂಗುತ್ತಿದ್ದ ಕೆಂಪು ಹೂವಿಗೆ ಚಂಗನೆ ನೆಗೆಯಿತು. ಇಳಿದಾಗ ಕಾಲು ಕಾಣಲಿಲ್ಲ. ಎಳೆದುಕೊಳ್ಳಲು ನೋಡಿತು, ಹೊಟ್ಟೆಯವರೆಗೆ ಹೂತುಹೋಯಿತು.

"ಅಮ್ಮಾ!"

ಹಾಡು ನಿಂತಿತು. ಚುಕ್ಕವ್ವ ಕಿರುಚುತ್ತಾ ನುಗ್ಗಿದಳು. ಕಾಡುಕೋಣ ಅಡ್ಡ ನಿಂತು ತಡೆಯಿತು. "ನೀನೂ ಇಳಿದರೆ ನೀನೂ ಹೋಗುತ್ತೀಯ ತಾಯಿ! ಹಗ್ಗ ಬೇಕು, ಹಗ್ಗ!"

"ತೋರಣದ ಬಳ್ಳಿ ಇದೆಯಲ್ಲ! ಕಿತ್ತು ಹಾಕಿ ಅದನ್ನು!" ಎಂದು ವಟರಾಯ ಅರಚಿದ.

"ಬೇಡ ಬೇಡ, ಹಾಳಾಗುತ್ತೆ!"

ಎಲ್ಲರೂ ತಿರುಗಿ ನೋಡಿದರು. ಹಾಗೆ ಹೇಳಿದವನು ಹೆಣಿಗಪ್ಪ.

ಕೆಸರು ಚಂಗುವಿನ ಎದೆಗೆ ಬಂದಿತ್ತು. ಅದು ದೊಡ್ಡ ಕಣ್ಣು ಬಿಟ್ಟು ಹೆಣಿಗಪ್ಪನನ್ನೇ ನೋಡುತ್ತಿತ್ತು. ತನ್ನ ಬಾಯಿಂದ ಬಂದ ಮಾತು ಕೇಳಿ ಹೆಣಿಗಪ್ಪನಿಗೇ ದಿಗ್ಭ್ರಮೆಯಾಯಿತು. ಇದನ್ನು ಹೇಳಿದ್ದು ನಾನಾ? ಮರುಗಳಿಗೆ ಬಾಣದಂತೆ ಹಾರಿ, ತಾನೇ ಹಾಕಿದ ಗಂಟುಗಳನ್ನು ಕೊಕ್ಕಿನಿಂದ ಹರಿದ, ಕುಕ್ಕಿದ, ಮತ್ತೆ ಹರಿದ. ಕೊಕ್ಕಿನ ತುದಿಯಲ್ಲಿ ರಕ್ತ ಬಂತು. ತೋರಣ ದೊಪ್ಪನೆ ಬಿತ್ತು. ಹೂವೆಲ್ಲ ಕೆಸರುಪಾಲಾಯಿತು.

ಕೋತಿ ಬಳ್ಳಿಯ ಒಂದು ತುದಿ ಹಿಡಿದು ಕೊಂಬೆಯಿಂದ ತಲೆಕೆಳಗಾಗಿ ಇಳಿದು, ಚಂಗುವಿನ ಮುಂಗಾಲುಗಳ ಹಿಂದಿನಿಂದ ಸುತ್ತಿ ಬಿಗಿಯಿತು. ಇನ್ನೊಂದು ತುದಿಯನ್ನು ಕಾಡುಕೋಣ ಹಲ್ಲಿನಲ್ಲಿ ಕಚ್ಚಿ ಎಳೆಯಿತು. ಕೆಸರು ಬಿಡಲಿಲ್ಲ. ಮೂತಿಯೊಂದೇ ಮೇಲಿತ್ತು. ಕೋಣ ಕಾಲೂರಿ ಮತ್ತೆ ಎಳೆದಾಗ "ಬುಳಕ್" ಎಂದು ಚಂಗು ಹೊರಬಂದು ದಡದಲ್ಲಿ ಬಿತ್ತು.

ಸ್ವಲ್ಪ ಹೊತ್ತು ಅದು ಅಲುಗಾಡಲಿಲ್ಲ. ಚುಕ್ಕವ್ವ ಅದರ ಮೂಗಿನ ಕೆಸರನ್ನು ನೆಕ್ಕಿದಳು, ನೆಕ್ಕುತ್ತಲೇ ಇದ್ದಳು. ಕೊನೆಗೆ ಮರಿ ಸೀನಿತು. ಉಸ್ಸಪ್ಪಾ!

ಹೆಣಿಗಪ್ಪ ಕೆಳಗಿಳಿದು ತಲೆ ತಗ್ಗಿಸಿ ನಿಂತ. "ಅಕ್ಕಾ..." ಅಂದ.

ಚುಕ್ಕವ್ವ ಕೂಗಾಡಲಿಲ್ಲ. "ನಾನು ನಿಮ್ಮನ್ನು ಚೆಂದ ಕೇಳಿರಲಿಲ್ಲ ಅಣ್ಣ. ನನ್ನ ಮಗಳು ಉಳಿಯಬೇಕು ಅಂತ ಕೇಳಿದ್ದೆ," ಎಂದಳು. ಮರಿಯನ್ನು ಎಬ್ಬಿಸಿಕೊಂಡು ನಡೆದಳು. ಉಳಿದವರೂ ಒಬ್ಬೊಬ್ಬರಾಗಿ ಹೊರಟುಹೋದರು.

ಮಾರನೆಯ ದಿನ ಮೂವರೂ ಮತ್ತೆ ಅಲ್ಲಿಗೆ ಹೋದರು. ಈ ಸಲ ಹುದುಲಿನ ಸುತ್ತ ಎತ್ತರಕ್ಕೆ ಮುಳ್ಳು ಒಟ್ಟಿದರು. ಕೊಕ್ಕರೆ ಬಿಟ್ಟುಹೋದ ಕೊಳೆತ ಮೀನನ್ನು ತಂದು ಮುಳ್ಳಿಗೆ ಸಿಕ್ಕಿಸಿದರು. ಬಣ್ಣಕ್ಕ ಹೂವಿನ ಬದಲು ಕೊಚ್ಚೆ ಬಳಿದಳು. ವಟರಾಯ ರಾಗವೆಲ್ಲ ಬಿಟ್ಟು, ಕರ್ಕಶವಾಗಿ "ವ್ರಾಕ್! ವ್ರಾಕ್!" ಎಂದು ಒದರಿದ. ನೋಡಲು ಅಸಹ್ಯ, ಕೇಳಲು ಅದಕ್ಕಿಂತ ಅಸಹ್ಯ. ಹೆಣಿಗಪ್ಪನಿಗೇ ವಾಕರಿಕೆ ಬಂತು. ಆದರೂ ಒಂದು ಮುಳ್ಳನ್ನೂ ಕದಲಿಸಲಿಲ್ಲ.

ಆಮೇಲೆ ಪೊದೆಯಲ್ಲಿ ಅಡಗಿ ಕೂತು ಕಾದರು. ಅಳಿಲು ದೂರದಿಂದಲೇ ಮೂಗು ಮುಚ್ಚಿಕೊಂಡು ಬೇರೆ ದಾರಿ ಹಿಡಿಯಿತು. ಮೊಲದ ಮರಿಗಳು "ಥೂ, ಯಾವನು ಮಾಡಿದ್ದು ಇದನ್ನ!" ಎಂದು ಓಡಿದವು. ಕೊನೆಗೆ ಕುಂಟುತ್ತಾ ಚಂಗು ಬಂತು. ದಾರಿಯ ತಿರುವಿನಲ್ಲಿ ನಿಂತು ಮೂಗರಳಿಸಿತು. ಮರಿ ಮುಖ ಸಿಂಡರಿಸಿ, ಬಂದ ದಾರಿಯಲ್ಲೇ ತಿರುಗಿ ಹೋಯಿತು.

ಆ ಕೆಲಸವನ್ನು ಅವತ್ತು ಯಾರೂ ಹೊಗಳಲಿಲ್ಲ. ಆದರೂ ಹೆಣಿಗಪ್ಪನಿಗೆ ಕಾಳು ಗಂಟಲಲ್ಲಿ ಇಳಿಯಿತು.

ನೀತಿ: ಹತ್ತು ಜನ ಹೊಗಳಿದರೂ, ಕೇಳಿಕೊಂಡು ಬಂದವರ ಅಗತ್ಯವನ್ನು ಮರೆತು ಮಾಡಿದ ಕೆಲಸ ಒಳ್ಳೆಯ ಕೆಲಸವಲ್ಲ.