ಮನೆ ಕಳೆದುಕೊಂಡ ಓಲೆ

ನೆತ್ತರ ಹೊಳೆಯಲ್ಲಿ ಉಸಿರಿನ ಮೂಟೆ ಹೊತ್ತು ಸಾಗುತ್ತಿದ್ದ ಕೆಂಪು ಕಣಕ್ಕೆ ಒಂದು ಡಿಎನ್‌ಎ ಚೂರು ಅಡ್ಡ ಬಂತು. ಅದು ವಾಸವಿದ್ದ ಜೀವಕೋಶ ಶ್ವಾಸಕೋಶದಲ್ಲಿ ಸತ್ತು ಒಡೆದುಹೋಗಿತ್ತು.

"ದಾರಿ ಬಿಡು. ಮನೆಮಠ ಇಲ್ಲದವರಿಗೆ ಇಲ್ಲೇನು ಕೆಲಸ?" ಎಂದಿತು ಕಣ.

"ಮನೆ ಹೋಯಿತು, ನಿಜ. ಅಲ್ಲಿ ಬರೆದಿದ್ದ ಒಂದು ಸಾಲು ಮಾತ್ರ ನನ್ನಲ್ಲಿ ಉಳಿದಿದೆ. ನಮ್ಮ ಕೇರಿಯಲ್ಲಿ ಕೆಟ್ಟ ಗಂಟೊಂದು ಬೆಳೆಯುತ್ತಿದೆ, ಯಾರಿಗೂ ಸುಳಿವಿಲ್ಲ. ನನಗಿನ್ನು ಆಯುಸ್ಸು ಗಳಿಗೆ ಹೊತ್ತು. ಅಷ್ಟರಲ್ಲಿ ಯಾರಿಗಾದರೂ ತಿಳಿಸಬೇಕು."

"ಹರಿದ ಚೂರಿನ ಮಾತನ್ನು ಯಾರು ಕೇಳುತ್ತಾರೆ? ನಾನು ಹೊರದಿದ್ದರೆ ಈ ಮೈಗೆ ಉಸಿರೇ ಇಲ್ಲ" ಎಂದು ಕಣ ನಕ್ಕಿತು. ಅದರ ಮಾತೂ ಸುಳ್ಳಲ್ಲ.

ಅಷ್ಟರಲ್ಲಿ ಪರೀಕ್ಷೆಗೆ ನೆತ್ತರು ತೆಗೆಯುವ ಸೂಜಿ ಇಳಿಯಿತು. ಇಬ್ಬರೂ ಒಂದೇ ಕೊಳವೆ ಸೇರಿದರು. ಲ್ಯಾಬಿನ ಯಂತ್ರ ಕೊಳವೆಯನ್ನು ಗಿರಗಿರನೆ ತಿರುಗಿಸಿತು. ಭಾರದ ಕಣ ತಳ ಕಂಡಿತು. ಚೂರು ಮೇಲಿನ ಹಳದಿ ನೀರಿನಲ್ಲಿ ಉಳಿಯಿತು. ಲ್ಯಾಬಿನ ತಾರಾಬಾಯಿ ಹಳದಿ ನೀರನ್ನಷ್ಟೇ ಜೋಪಾನವಾಗಿ ಹೀರತೊಡಗಿದಳು.

"ಓದಬೇಕಾದ್ದು ಇದರಲ್ಲಿದೆ ಕಣೇ, ಕೆಂಪು ಬೇಡ" ಎಂದಳು ಜೊತೆಯವಳಿಗೆ.

"ನನ್ನನ್ನೂ ಓದಿ!" ಎಂದು ಕಣ ತಳದಿಂದ ಕೂಗಿತು.

"ಓದಲಿಕ್ಕೆ ನಿನ್ನೊಳಗೆ ಏನು ಬರೆದಿದೆ, ಅಣ್ಣಾ?" ಚೂರು ಮೇಲಿನಿಂದ ಕೇಳಿತು. ಅದರ ದನಿಯಲ್ಲಿ ಕುಹಕವಿರಲಿಲ್ಲ.

ಕಣ ಮೊದಲ ಬಾರಿಗೆ ತನ್ನೊಳಗೆ ನೋಡಿಕೊಂಡಿತು. ಇನ್ನೊಂದು ಮೂಟೆ ಉಸಿರಿಗೆ ಜಾಗವಾಗಲೆಂದು, ಎಳೆಯ ವಯಸ್ಸಿನಲ್ಲೇ, ಅದು ತನ್ನೊಳಗಿನ ಡಿಎನ್‌ಎ ಬರಹವನ್ನೆಲ್ಲ ಎತ್ತಿ ಹೊರಗೆಸೆದಿತ್ತು.