ದುರುಗ ಒಯ್ದ ಮಣ್ಣು

ನಮ್ಮೂರಾಗ ದುರುಗ ಅಂತ ಒಬ್ಬ ಇದ್ದ. ಹೇಳಿದ್ದನ್ನು ಹೇಳಿದಂಗೇ ಮಾಡುವವ. ಗಂಡ ಸತ್ತ ಸಂಕವ್ವನಿಗೆ ಅವನೊಬ್ಬನೇ ಮಗ. ಅವನನ್ನು ನೆನೆದರೆ ಅವಳಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಆ ವರ್ಷ ಸರ್ಕಾರ ಹೊಸ ಪದ್ಧತಿ ತಂತು. ಎಲ್ಲರಿಗೂ ಒಂದೇ ಗೊಬ್ಬರ ಇಲ್ಲ. ಮಣ್ಣು ಪರೀಕ್ಷೆ ಮಾಡಿ, ಯಾವ ಹೊಲಕ್ಕೆ ಏನು ಬೇಕೋ ಅದನ್ನಷ್ಟೇ ಅರ್ಧ ಬೆಲೆಗೆ ಕೊಡುತ್ತಾರಂತೆ.

ಸಂಕವ್ವ ಹೇಳಿದಳು, "ದುರುಗಾ, ಚಲೋ ಮಣ್ಣು ನೋಡಿ ಕೃಷಿ ಕಚೇರಿಗೆ ಕೊಟ್ಟು ಬಾರಪ್ಪ."

ದುರುಗ ಊರೆಲ್ಲ ನೋಡಿದ. ಕೆರೆಯ ಹೂಳಿಗಿಂತ ಚಲೋ ಮಣ್ಣು ಕಾಣಲಿಲ್ಲ. ಅದನ್ನೇ ಒಯ್ದು ಕೊಟ್ಟ.

"ನಿಮ್ಮ ಹೊಲಕ್ಕ ಏನೂ ಬ್ಯಾಡ," ಅಂದರು ಕಚೇರಿಯವರು. ಜೋಳ ಮೊಣಕಾಲೆತ್ತರಕ್ಕೇ ನಿಂತಿತು. ಸಂಕವ್ವ ಹಗಲು ಕೂಲಿಗೆ ಹೋದಳು, ರಾತ್ರಿ ಮಂದಿಯ ಶೇಂಗಾ ಸುಲಿದಳು.

"ಹುಚ್ಚಪ್ಪಾ, ನಮ್ಮ ಮಣ್ಣು ಒಯ್ಯಬೇಕಿತ್ತೋ. ನಾವು ದಿನಾ ತುಳಿಯೋ ಮಣ್ಣು."

"ಹೂನವ್ವ, ಹಂಗ ಮಾಡ್ತೀನಿ."

ಮರುವರ್ಷ ಪಡಸಾಲೆಯ ನೆಲ ಅಗೆದು ಒಯ್ದ. ಅದರಲ್ಲಿ ಸೆಗಣಿ, ಬೂದಿ, ಸುಣ್ಣ. ಕೃಷಿ ಅಧಿಕಾರಿ ವಿಶಾಲಾಕ್ಷಿ ಮೇಡಂ ಚೀಲ ಬಿಚ್ಚಿ ನೋಡಿದರು. ಆಮೇಲೆ ತಾವೇ ಹೊಲಕ್ಕೆ ಬಂದು ಮಣ್ಣು ತೆಗೆದರು. ಸಂಕವ್ವ ಜ್ವರದಲ್ಲೇ ಕಳೆ ಕೀಳುತ್ತಿದ್ದಳು.

ಪರೀಕ್ಷೆ ಆಯಿತು. ಮೇಡಂ ದುರುಗನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದರು, "ನೋಡು ತಮ್ಮಾ, ನಿಮ್ಮ ಹೊಲಕ್ಕೆ ಹಿಂದೆ ಹಾಕಿದ ಯೂರಿಯಾನೇ ಹೆಚ್ಚಾಗಿದೆ, ಸತು ಕಡಿಮೆ ಇದೆ. ಹೆಚ್ಚಾಗಿದ್ದನ್ನ ಮತ್ತೆ ಹಾಕಬೇಡ. ಏನು ಕಡಿಮೆ ಇದೆಯೋ ಅದನ್ನಷ್ಟೇ ಹಾಕು."

ದುರುಗ ಹಾಗೇ ಮಾಡಿದ. ಜೋಳ ಆಳೆತ್ತರ ಬೆಳೆಯಿತು. ಆದರೆ ತೆನೆ ಹಾಲುಗಟ್ಟುವ ಹೊತ್ತಿಗೆ ಸಂಕವ್ವ ತೀರಿಕೊಂಡಳು.

ಕುಣಿಯೊಳಗೆ ಇಳಿಸಿದರು. ಊರ ಹಿರಿಯ ಮುದುಕಪ್ಪ ಹೇಳಿದ, "ದುರುಗಾ, ಮೊದಲು ನೀ ಮಣ್ಣು ಹಾಕಪ್ಪ."

ದುರುಗ ಕೈಯಲ್ಲಿದ್ದ ಮಣ್ಣು ನೋಡಿದ, ಅವ್ವನನ್ನು ನೋಡಿದ.

"ಮಣ್ಣು ಆಕೀಗೆ ಬಾಳ ಆಗೇತಿ ಕಾಕಾ. ಹೆಚ್ಚಾಗಿದ್ದನ್ನ ಹಾಕಬಾರದಂತ."

ಮಣ್ಣು ಕೆಳಗೆ ಬಿಟ್ಟು ಓಡಿದ. ಮನೆಯಿಂದ ಅವ್ವ ಮಲಗುತ್ತಿದ್ದ ಹೊರಸನ್ನು ತಲೆಯ ಮೇಲೆ ಹೊತ್ತು ತಂದ. "ಆಕೀಗೆ ನಿದ್ದಿ ಕಡಿಮಿ ಆಗಿತ್ತು," ಅಂದ.

ಹೊರಸು ದೊಡ್ಡದು, ಕುಣಿ ಸಣ್ಣದು. ಉದ್ದಕ್ಕೆ ಹಿಡಿದು ನೋಡಿದ, ಅಡ್ಡಕ್ಕೆ ಹಿಡಿದು ನೋಡಿದ. ಯಾರೂ ನಗಲಿಲ್ಲ. ಮುದುಕಪ್ಪ ಬೈಯಲು ಬಾಯಿ ತೆರೆದವನು ಮುಖ ಆ ಕಡೆ ತಿರುಗಿಸಿದ.

ದುರುಗ ಕುಣಿಯ ಅಂಚಿಗೆ ಮೊಣಕಾಲೂರಿ ಒಳಗೆ ಬಗ್ಗಿದ.

"ಹೆಂಗ ಇಡಲಿ, ಹೇಳವ್ವ," ಅಂದು ಕಿವಿಗೊಟ್ಟು ಕೂತ.